ಶಾಶ್ವತವಾಗಿ ಮುಚ್ಚಲಾಗಿದೆ

ಮಾರ್ಚ್ ೧೮, ಮಂಗಳವಾರ

ಅಕ್ಕಾ,

ಹೇಗಿದ್ದೀಯಾ ಎಂದು ನಾನು ಕೇಳುವ ಮೊದಲೇ ಬೈದುಬಿಡು. ನಿನ್ನ ಕಾಗದ ಬಂದು ತಿಂಗಳಾಯಿತು. "ಅಪ್ಪನ ಅಂಗಡಿ ಮುಚ್ಚಿದೆ ಅಂತ ಫೋನಿನ ನಕ್ಷೆ ತೋರಿಸ್ತಿದೆಯಲ್ಲೇ, ನಿಜಾನಾ?" ಎಂದು ನೀನು ಕೇಳಿದ್ದೆ. ಬಾಯಲ್ಲಿ ಹೇಳಲು ಹೋದರೆ ನೀನು ಅಳುತ್ತೀಯ, ನಾನು ಜಗಳಕ್ಕೆ ನಿಲ್ಲುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿ ಮುಚ್ಚಿಲ್ಲ. ಮುಚ್ಚಿದೆ ಎಂದು ಗುರುತು ಹಾಕಿದವಳು ನಾನು.

ಶಾಲೆ ಬಿಟ್ಟು, ಅಪ್ಪನ ಜೊತೆ ಮಾತು ಬಿಟ್ಟು, ಗೆಳತಿಯ ಕೋಣೆ ಸೇರಿದ ಮೇಲೆ ಸಿಕ್ಕಿದ್ದು ಈ ಕೆಲಸ: ಬೀದಿ ಬೀದಿ ಅಲೆದು ನಕ್ಷೆಗೆ ಅಂಗಡಿಗಳ ಫೋಟೊ ತೆಗೆಯುವುದು. ಒಂದು ಕಡೆ ಕೂರದ ನನಗೆ ಹೇಳಿಮಾಡಿಸಿದ್ದು. ಈಗ ಯಾರೂ ದಾರಿ ಕೇಳುವುದಿಲ್ಲ. ಫೋನನ್ನು ಮುಖದ ಮುಂದೆ ಎತ್ತಿ ಹಿಡಿಯುತ್ತಾರೆ. ಅದರಲ್ಲಿ ಎದುರಿನ ಬೀದಿಯೇ ಕಾಣುತ್ತದೆ, ಒಂದೊಂದು ಅಂಗಡಿಯ ನೆತ್ತಿಯ ಮೇಲೂ ಒಂದು ಫಲಕ ತೇಲುತ್ತದೆ. ಹಸಿರಾದರೆ ತೆರೆದಿದೆ. ಕೆಲಸದ ಹೊತ್ತಿನಲ್ಲಿ ಮೂರು ಬೇರೆ ಬೇರೆ ದಿನ ಹೋದಾಗಲೂ ಷಟರ್ ಎಳೆದಿದ್ದರೆ ಕೆಂಪು: ಶಾಶ್ವತವಾಗಿ ಮುಚ್ಚಲಾಗಿದೆ. ಅಕ್ಕಪಕ್ಕ ವಿಚಾರಿಸುವ ಹಾಗಿಲ್ಲ. "ಜನ ಬಾಯಿಗೆ ಬಂದಿದ್ದು ಹೇಳ್ತಾರೆ, ಫೋಟೊ ಹೇಳಲ್ಲ" ಎನ್ನುತ್ತಾನೆ ನಮ್ಮ ಸೂಪರ್‌ವೈಸರ್.

ಅಪ್ಪನ ಹೊಲಿಗೆ ಯಂತ್ರ ರಿಪೇರಿ ಅಂಗಡಿ ನನ್ನ ಪಾಲಿಗೇ ಬಂತು. ಸೋಮವಾರ ಹನ್ನೊಂದಕ್ಕೆ ಹೋದೆ, ಮುಚ್ಚಿತ್ತು. ಗುರುವಾರ ಮುಚ್ಚಿತ್ತು. ಮುಂದಿನ ಮಂಗಳವಾರವೂ. ಹೆಸರಿನ ಹಲಗೆ ಪೂರ್ತಿ ಬರಬೇಕೆಂದು ಎದುರು ಬದಿಯಲ್ಲಿ ನಿಂತೇ ಫೋಟೊ ತೆಗೆದೆ. ಅಪ್ಪನದೆಂದು ಬಿಟ್ಟುಕೊಟ್ಟರೆ ಸುಳ್ಳಲ್ಲವೇ? ಸುಳ್ಳು ನನ್ನಿಂದಾಗದು. "ಓದದವಳಿಗೆ ಬೀದಿಯೇ ಗತಿ" ಎಂದು ಅಪ್ಪ ಅಂದಿದ್ದು ಮರೆತಿರಲಿಲ್ಲ. ಕೆಂಪು ಒತ್ತುವಾಗ ಒಳಗೆಲ್ಲೋ ಹಿತವಾಯಿತು. ನಿನ್ನ ಹತ್ತಿರ ಬಚ್ಚಿಡುವುದೇನು.

ಮೊನ್ನೆ ಆ ಬೀದಿಗೆ ಹೋಗಿದ್ದೆ. ಒಬ್ಬ ಹೆಂಗಸು ಚೀಲದಲ್ಲಿ ಯಂತ್ರ ಹೊತ್ತು, ಅಪ್ಪನ ಮುಂದೆಯೇ ಫೋನ್ ಎತ್ತಿ ಹಿಡಿದಿದ್ದಳು.

"ಇದು ಮುಚ್ಚಿಹೋಗಿದೆಯಂತಲ್ಲ?"

"ನಾನು ಒಳಗೇ ಕೂತಿದೀನಲ್ಲ ತಾಯಿ, ಕಾಣಲ್ವಾ?"

"ಇದರಲ್ಲಿ ಕೆಂಪಿದೆ. ಬೇಡ ಬಿಡಿ, ಆಮೇಲೆ ಯಂತ್ರ ವಾಪಸ್ ಕೇಳೋಕೆ ನಿಮ್ಮನ್ನ ಎಲ್ಲಿ ಹುಡುಕಲಿ?" ಎಂದು ಹೊರಟೇಹೋದಳು.

ಪಕ್ಕದ ಕ್ಷೌರದಂಗಡಿಯ ಮಾವ ನನ್ನನ್ನು ಹಿಡಿದು ನಿಲ್ಲಿಸಿದರು. "ಷಟರ್ ಸದ್ದಾದರೆ ಅಂಗಡಿ ತೆಗೆದಿದೆ ಅಂತ ಜನಕ್ಕೆ ಗೊತ್ತಾಗುತ್ತಂತೆ. ಅದಕ್ಕೆ ಎಣ್ಣೆ ಹಾಕೋದೇ ಬಿಟ್ಟಿದಾರೆ ನಿಮ್ಮಪ್ಪ. ಜೀವನವೆಲ್ಲ ಊರಿನ ಯಂತ್ರಕ್ಕೆಲ್ಲ ಎಣ್ಣೆ ಹಾಕಿದ ಮನುಷ್ಯ, ನೋಡು!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸೂಪರ್‌ವೈಸರ್ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. "ಮುಚ್ಚಿದವಳೇ ತೆಗೆಯೋಕೆ ಬರಲ್ಲ ಕಣಮ್ಮ. ಬೇರೆಯವರು ಬಂದು ನೋಡ್ಬೇಕು. ಸರದಿ ಬರೋಕೆ ನಾಲ್ಕು ತಿಂಗಳು" ಎಂದ. ಅಷ್ಟು ದಿನ ಅಂಗಡಿ ಉಳಿಯುವುದು ಅನುಮಾನ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಭಾವನಿಗೆ ನಮಸ್ಕಾರ. ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಅದು ಚೆನ್ನಾಗಿರಲಿ, ನನ್ನ ಹಾಗೆ ಆಗದಿರಲಿ.

ನಿನ್ನ
ಗಿರಗಿಟ್ಲೆ

ಮರೆತ ಮಾತು: ನಿನಗೆ ಕಳಿಸೋಣವೆಂದು ಆ ಮೂರು ಫೋಟೊಗಳನ್ನು ದೊಡ್ಡದು ಮಾಡಿದೆ. ಮೊದಲನೆಯದರಲ್ಲಿ ಬೀಗದ ಪಕ್ಕ ಅಂಟಿಸಿದ ಒಂದು ಚೀಟಿ ಕಾಣುತ್ತದೆ, ಅಪ್ಪನ ಅಕ್ಷರ: "ಚಿಕ್ಕ ಮಗಳನ್ನು ಮತ್ತೆ ಸೇರಿಸಿಕೊಳ್ಳಿರೆಂದು ಕೇಳಲು ಶಾಲೆಗೆ ಹೋಗಿದ್ದೇನೆ. ಹನ್ನೆರಡಕ್ಕೆ ಬರುತ್ತೇನೆ." ಎರಡನೆಯ ಫೋಟೊದಲ್ಲೂ ಅದೇ ಚೀಟಿ. ಮೂರನೆಯದರಲ್ಲಿ ಮೇಲೊಂದು ಪದ ಸೇರಿಸಿದ್ದಾನೆ: "ಇವತ್ತೂ."