ಮಗಳಿಗೆ ನಿನ್ನ ಹೆಸರು

ಸಪ್ನಾ,

ನೀನು ತೀರಿಕೊಂಡ ವಾರಕ್ಕೆ ನಿಮ್ಮವ್ವ, ಮೂರು ವರ್ಷದ ನಮ್ಮ ಪ್ರಜ್ಞಾಳನ್ನು ಕೆಲವು ದಿನ ಇಟ್ಟುಕೊಳ್ಳುತ್ತೇನೆಂದು ಕಮಲಾಪುರಕ್ಕೆ ಕರೆದೊಯ್ದವರು ಮರಳಿ ಕೊಡಲೇ ಇಲ್ಲ. ಎರಡು ವರ್ಷ ಕಲಬುರಗಿ ಕೋರ್ಟಿಗೆ ಅಲೆದೆ. ಇವತ್ತು ಆದೇಶ ಸಿಕ್ಕು, ಪೊಲೀಸರ ಜೊತೆ ಹೋಗಿದ್ದೆ.

ಮಗಳು ಅಂಗಳದಲ್ಲಿ ಆಡುತ್ತಿದ್ದಳು. "ಪ್ರಜ್ಞಾ" ಎಂದು ಕರೆದೆ. ತಿರುಗಲಿಲ್ಲ. ಒಳಗಿನಿಂದ ನಿಮ್ಮವ್ವ, "ಸಪ್ನಾ, ಒಳಗ ಬಾ" ಎಂದರು. ಓಡಿಹೋಗಿ ಅವರ ಸೆರಗು ಹಿಡಿದುಕೊಂಡಳು.

"ಕೂಸಿನ ಹೆಸರು ಯಾಕ ಬದಲಿ ಮಾಡೀರಿ, ಅತ್ತಿ?" ಎಂದೆ.

"ಬಾಯಾಗ ಅದೇ ಬರ್ತದಪ್ಪ. ದಿನಾ ಕರದ ಹೆಸರು, ಹ್ಯಾಂಗ ಬಿಡ್ಲಿ?" ಎಂದರು. ಆಮೇಲೆ ತಾವೇ ಮಗಳ ಬೆರಳುಗಳನ್ನು ಸೆರಗಿನಿಂದ ಬಿಡಿಸಿದರು.

ಜೀಪಿನಲ್ಲಿ ಅವಳ ಅಳು ನಿಲ್ಲಲಿಲ್ಲ. ಪ್ರಜ್ಞಾ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನೀನು ಹೋದ ಮೇಲೆ ನಾನು ಬಾಯಿಬಿಟ್ಟು ಹೇಳಿರದ ಹೆಸರನ್ನು ಕೊನೆಗೆ ಹೇಳಿದೆ. ತಟ್ಟನೆ ನನ್ನತ್ತ ನೋಡಿದಳು.

ಈಗ ಕೋಟನೂರಿನ ನಮ್ಮ ಮನೆಯಲ್ಲಿದ್ದೇವೆ. ಅನ್ನ ಕಲಸಿಟ್ಟಿದ್ದೇನೆ. ಅವಳು ಚಪ್ಪಲಿ ಬಿಡದೆ ಬಾಗಿಲ ಬಳಿ ಕೂತು, "ನಾ ಮನಿಗಿ ಹೋಗ್ತೀನ್ರಿ" ಎನ್ನುತ್ತಿದ್ದಾಳೆ.