ಬಾಗಿ ಸಹಿ ಹಾಕದ ಮುಚ್ಚಳಿಕೆ

ಮಾನ್ಯ ಠಾಣಾಧಿಕಾರಿಗಳೇ,

ರಕ್ಷಣೆ ಕೇಳಲು ಬಂದ ನನ್ನ ಹೆಂಡತಿ ಬಾಗಿಯಿಂದಲೇ ತಾವು ಮುಚ್ಚಳಿಕೆ ಕೇಳಿದಿರಿ. ಅವಳು ಕೊಡಲಿಲ್ಲ. ಅಂದಿನಿಂದ ನಮ್ಮ ಮನೆಯ ಬಾಗಿಲಿಗೆ ಹಾಡಹಗಲಲ್ಲೂ ಚಿಲಕ. ಠಾಣೆಯಲ್ಲಿ ತಮ್ಮೆದುರು ಇದನ್ನೆಲ್ಲ ಹೇಳುವ ಧೈರ್ಯ ನನಗಾಗಲಿಲ್ಲ. ಹಾಗಾಗಿ ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಹಂಗಾರಕಟ್ಟೆಯಲ್ಲಿ ಸಿನಿಮಾ ಶೂಟಿಂಗ್ ನಡೆದದ್ದು ತಮಗೆ ಗೊತ್ತು, ಬಂದೋಬಸ್ತು ತಮ್ಮದೇ. ಧರ್ಮದ ಹೆಸರಲ್ಲಿ ಒಂದು ಗುಂಪು, ಸಿದ್ಧಾಂತದ ಹೆಸರಲ್ಲಿ ಇನ್ನೊಂದು ಗುಂಪು ಬಡಿದಾಡುವಾಗ ಎರಡಕ್ಕೂ ಸೇರದ ಜನ ಏನಾದರು ಎಂಬ ಕತೆ. ಮೀನು ಮಾರುವ ಬಾಗಿಗೆ ಅದರಲ್ಲಿ ಮೀನು ಮಾರುವವಳದೇ ಪಾತ್ರ. ಓಡಿಬಂದ ಪರಮತದ ಹೆಂಗಸನ್ನು ಬಲೆಯ ರಾಶಿಯ ಹಿಂದೆ ಅಡಗಿಸಿ, ಬಾಗಿಲು ಬಡಿದವರಿಗೆ “ಒಳ್ಗ್ ಯಾರೂ ಇಲ್ಲ” ಎನ್ನಬೇಕು. ಅವಳು ಹಾಗೆಯೇ ಎಂದಳು. ಊರೇ ಚಪ್ಪಾಳೆ ತಟ್ಟಿತು, ತಮ್ಮ ಸಿಬ್ಬಂದಿಯೂ ತಟ್ಟಿದರು.

ಸಿನಿಮಾ ಇನ್ನೂ ತೆರೆಗೆ ಬಂದಿಲ್ಲ. ಶೂಟಿಂಗ್ ನೋಡಲು ಬಂದವರಾರೋ ಮೊಬೈಲಿನಲ್ಲಿ ಹಿಡಿದ ಇಪ್ಪತ್ತು ಸೆಕೆಂಡು ಮಾತ್ರ ‘ಈ ದ್ರೋಹಿಯನ್ನು ಗುರುತಿಸಿ’ ಎಂಬ ಒಕ್ಕಣೆ ಹೊತ್ತು ಊರೂರು ಸುತ್ತುತ್ತಿದೆ. ವರ್ಷಗಟ್ಟಲೆ ಅವಳ ಬುಟ್ಟಿಯಿಂದಲೇ ಬಂಗುಡೆ ಒಯ್ದವರು ಈಗ ಪಕ್ಕದವಳ ಹತ್ತಿರ ನಿಲ್ಲುತ್ತಾರೆ. ಮೊನ್ನೆ ಸೋಮವಾರ ಬೈಕಿನಲ್ಲಿ ಬಂದ ಇಬ್ಬರು ಅಂಗಳದ ಬಲೆಗಳನ್ನು ಎತ್ತಿ ಎತ್ತಿ ನೋಡಿದರು. ಹೋಗುವಾಗ, ಮಗಳು ಧನ್ಯಶ್ರೀ ಕಾಲೇಜಿಗೆ ಯಾವ ಬಸ್ಸು ಹತ್ತುತ್ತಾಳೆಂದು ಮೆಲ್ಲಗೆ ವಿಚಾರಿಸಿದರು. ಹೆದರಿಕೆ ಎಂದರೇನೆಂದು ಕಡಲಿಗೆ ಹೋಗುವ ನನಗೆ ಅಂದು ಗೊತ್ತಾಯಿತು.

ತಮ್ಮ ಪರಿಹಾರವೋ, ಹಾವೂ ಸಾಯದ ಕೋಲೂ ಮುರಿಯದ ಉಪಾಯ. ‘ಅದು ನಟನೆ, ನಿಜಜೀವನದಲ್ಲಿ ಅಂಥವರಿಗೆ ನಾನು ಆಶ್ರಯ ಕೊಡುವವಳಲ್ಲ’ ಎಂದು ಬರೆದು ಸಹಿ ಹಾಕಲಿ, ಅದನ್ನೂ ಮೊಬೈಲಿಗೆ ಬಿಟ್ಟರೆ ಎಲ್ಲ ತಣ್ಣಗಾಗುತ್ತದೆ ಎಂದಿರಿ. ಸುಳ್ಳೇಕೆ, ನಾನು ಕೂಡಲೇ ಜೇಬಿನಿಂದ ಪೆನ್ನು ತೆಗೆದೆ. ಬಾಗಿ ಅದನ್ನು ಮುಟ್ಟಲಿಲ್ಲ.

“ಆಕ್ಟಿಂಗ್ ಅಂದೇಳಿ ಬರ್ದ್ ಕೊಡ್ತೆ ಸಾರ್,” ಎಂದಳು. “ಜೀವ ಉಳ್ಸಿ ಅಂದೇಳಿ ಬಂದೋರ್ನ ಹೊರ್ಗ್ ದೂಡ್ತೆ ಅಂದೇಳಿ ಬರ್ದ್ ಕೊಡುಕ್ ಆತಿಲ್ಲ.”

ಹಾಗಾದರೆ ಮುಂದಾಗುವುದಕ್ಕೆ ಇಲಾಖೆ ಜವಾಬ್ದಾರಿಯಲ್ಲ ಎಂದಿರಿ. ಸ್ವಾಮಿ, ಇನ್ನೊಬ್ಬರ ಜೀವ ಉಳಿಸುವುದಿಲ್ಲ ಎಂದು ಬರೆದುಕೊಟ್ಟವರ ಜೀವವನ್ನು ಮಾತ್ರ ಉಳಿಸಬೇಕೆಂದು ಯಾವ ಕಾನೂನಿನಲ್ಲಿದೆ? ಅದೇ ದೃಶ್ಯದಲ್ಲಿ ದೊಣ್ಣೆ ಹಿಡಿದು ಬಾಗಿಲು ಬಡಿದವರು ಊರಿನವರೇ ಹದಿನಾಲ್ಕು ಮಂದಿ. ಅವರ ಮುಖವೂ ಸ್ಪಷ್ಟವಾಗಿಯೇ ಕಾಣುತ್ತದೆ. ನಿಜಜೀವನದಲ್ಲಿ ಯಾರ ಬಾಗಿಲನ್ನೂ ಬಡಿಯುವವರಲ್ಲ ಎಂದು ಅವರಲ್ಲಿ ಒಬ್ಬರಿಂದಲಾದರೂ ಬರೆಸಿಕೊಂಡಿರಾ? ನನ್ನನ್ನಂತೂ ಯಾರೂ ಕೇಳಲಿಲ್ಲ. ಎರಡನೇ ಸಾಲಿನಲ್ಲಿ ಎಡಕ್ಕೆ ನಿಂತವನು ನಾನೇ.

ಅದು ಸಿನಿಮಾ ಎಂದು ತಾವೇ ಪ್ರಕಟಣೆ ಕೊಡಿ. ಮಗಳು ಬಸ್ಸು ಹತ್ತುವಲ್ಲಿ ಒಬ್ಬ ಸಿಬ್ಬಂದಿಯನ್ನು ನಿಲ್ಲಿಸಿ. ಮುಚ್ಚಳಿಕೆ ಬೇಕೇ ಬೇಕೆಂದಿದ್ದರೆ, ಯಾರ ಬಾಗಿಲನ್ನೂ ಬಡಿಯುವವನಲ್ಲ ಎಂದು ನನ್ನಿಂದ ಬರೆಸಿಕೊಳ್ಳಿ. ದಯವಿಟ್ಟು ತಡಮಾಡಬೇಡಿ. ಹೊರಗೆ ಸದ್ದಾದರೆ ನಾನು ಒಳಕೋಣೆಗೆ ಸರಿಯುತ್ತೇನೆ. ಚಿಲಕ ತೆಗೆಯಲು ಹೋಗುವವಳು ಬಾಗಿಯೇ.

ಇಂತಿ,
ತಮ್ಮ ರಕ್ಷಣೆಗೆ ಇನ್ನೂ ಅರ್ಹತೆ ಪಡೆಯದ ಮನೆಯೊಂದರ ಯಜಮಾನನೆನಿಸಿಕೊಂಡ
ಲೀಲಾಧರ, ಹಂಗಾರಕಟ್ಟೆ