ನೇರಳೆ ಗೆರೆಯ ಆಚೆಗಿನ ಹಂದಿ

ಫ್ರಿಯೊ ಹೊಳೆ, ದಕ್ಷಿಣ ಟೆಕ್ಸಾಸ್
ಸೆಪ್ಟೆಂಬರ್ ೨೪, ಮಂಗಳವಾರ

ಹಟಮಾರಿ ಹಿಲಾರಿಯೊಗೆ,

ಕಾಗದ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನೊಬ್ಬಳೇ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಬೇಲಿಯ ಹತ್ತಿರ ನಿಂತು ಕೂಗೋಣವೆಂದರೆ, ಇಷ್ಟು ವರ್ಷ ಸಂಸಾರ ಮಾಡಿದವರು ಕತ್ತೆಗಳ ಹಾಗೆ ಅರಚಾಡುವುದು ಚೆನ್ನಾಗಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ತಂದುಕೊಟ್ಟ ಹುಡುಗಿ ಟೆಸ್ಸಾ ವ್ರಾನಾ, ನಮ್ಮ ಕಡೆ ಬೇಟೆಯ ಕಾನೂನು ನೋಡಿಕೊಳ್ಳುವ ಹೊಸ ವಾರ್ಡನ್. ಅವಳ ಸಮವಸ್ತ್ರ ನೋಡಿ ಬಾಗಿಲು ಹಾಕಿಕೊಳ್ಳಬೇಡ, ನಿನ್ನನ್ನು ಹಿಡಿಯಲು ಬಂದಿಲ್ಲ. ಕೂರಿಸಿ ಕಾಫಿ ಕೊಡು. ನೀನು ಕುಡಿಯುವ ಕಾಫಿಯಲ್ಲ, ಮನುಷ್ಯರು ಕುಡಿಯುವಂಥದ್ದು.

ವಿಷಯಕ್ಕೆ ಬರುತ್ತೇನೆ. ಕಡಲೆಕಾಯಿ ಕೀಳುವ ಕಾಲ ಹತ್ತಿರ ಬಂತು. ಕಾಯಿ ಎಷ್ಟು ಚೆನ್ನಾಗಿ ತುಂಬಿದೆಯೆಂದರೆ, ಅಪ್ಪ ಹೋದಮೇಲೆ ಇಂಥ ಬೆಳೆ ನಾನು ಕಂಡಿಲ್ಲ. ಕಷ್ಟವೇನೆಂದರೆ ಅದನ್ನು ಕಾಡುಬಿದ್ದ ಆ ಹಂದಿಗಳೂ ಕಂಡಿವೆ. ಹಗಲೆಲ್ಲ ನಿನ್ನ ಹಳ್ಳದ ಪೊದೆಯಲ್ಲಿ ಮಲಗುತ್ತವೆ. ಸಂಜೆಯಾದರೆ ಜಿಂಕೆಗಳಿಗೆಂದು ನೀನು ಸುರಿಯುವ ಮೆಕ್ಕೆಜೋಳದಲ್ಲಿ ತಿಂಡಿ ಮುಗಿಸಿ, ಊಟಕ್ಕೆ ನನ್ನ ಹೊಲಕ್ಕೆ ಬರುತ್ತವೆ. ಮೂಡಣ ಮೂಲೆಯ ಸಾಲುಗಳನ್ನು ಉತ್ತು ಹಾಕಿದ ಹಾಗೆ ಮಗುಚಿವೆ. ಈ ಬೆಳೆ ಕೈತಪ್ಪಿದರೆ ಮತ್ತೆ ಬಿತ್ತುವ ಧೈರ್ಯ ನನಗಿಲ್ಲ. ಆಗ ನೀನು ಹೇಳಿದಂತೆಯೇ ಆಗುತ್ತದೆ: ಇಡೀ ಜಮೀನನ್ನು ಜಿಂಕೆ ಬೇಟೆಗೆ ಬರುವ ಪೇಟೆಯವರಿಗೆ ಬಿಟ್ಟು, ಅವರು ಎಸೆದ ಬಿಯರ್ ಡಬ್ಬಿ ಆರಿಸುತ್ತಾ ಇರುವುದು. ಆ ಮಾತಿಗೆ ತಾನೆ ನಾನು ಬೀನ್ಸಿನ ಪಾತ್ರೆ ಕುಕ್ಕಿದ್ದು, ನೀನು ಟ್ರೇಲರ್ ಮನೆಯನ್ನು ನಿನ್ನ ಪಿಕಪ್ಪಿಗೆ ಕಟ್ಟಿಕೊಂಡು ಹಳ್ಳದ ಕಡೆ ಹೊರಟುಹೋದದ್ದು. "ಬೇಲಿಯಿಂದ ಆ ಕಡೆ ನಿಂದು, ಈ ಕಡೆ ನಂದು. ನನ್ನ ಕಡೆ ನೀನು ಕಾಲಿಡಬೇಡ" ಅಂದೆ ನೀನು. ಸಾಲದ್ದಕ್ಕೆ ಮೊಮ್ಮಗಳ ಮಂಚಕ್ಕೆ ಬಳಿದು ಉಳಿದಿದ್ದ ನೇರಳೆ ಬಣ್ಣ ತೆಗೆದುಕೊಂಡು ಬೇಲಿಯ ಕಂಬಕ್ಕೆಲ್ಲ ಗೆರೆ ಎಳೆದೆ. ನೇರಳೆ ಗೆರೆ ಕಂಡರೆ ಒಳಗೆ ಬರಬಾರದು ಎಂದು ನಮ್ಮ ರಾಜ್ಯದಲ್ಲಿ ಮಕ್ಕಳಿಗೂ ಗೊತ್ತು. ಕಟ್ಟಿಕೊಂಡ ಹೆಂಡತಿಯನ್ನು ತಡೆಯಲು ಅದನ್ನು ಬಳಿದ ಗಂಡ ನೀನೊಬ್ಬನೇ ಇರಬೇಕು.

ಶನಿವಾರ ಸಂಜೆ ಅಪ್ಪನ ಬಂದೂಕು ತೆಗೆದುಕೊಂಡು ನನ್ನ ಹಳೇ ಪಿಕಪ್ಪಿನ ಹಿಂಬದಿಯಲ್ಲಿ ಕುಳಿತೆ. ಮುಳ್ಳುಗಳ್ಳಿಯ ಹತ್ತಿರ ಗಿಡ್ಡ ಗಿಡ್ಡ ಹಂದಿಗಳ ಗುಂಪು ಕಂಡಿತು. ಹಾರಿಸಿದೆ, ತಪ್ಪಿತು. ಭಾನುವಾರ ಮತ್ತೆ ಕುಳಿತೆ. ಈ ಸಲ ದೊಡ್ಡ ಕಪ್ಪು ಹಂದಿ, ಹೆಣ್ಣು. ಗುಂಡು ಸರಿಯಾಗಿ ಬಿತ್ತು, ಆದರೆ ಅದು ಓಡಿ ಬೇಲಿ ನುಸುಳಿ ನಿನ್ನ ಕಡೆಯ ಮೆಸ್ಕೀಟ್ ಮರದ ಕೆಳಗೆ ಬಿದ್ದುಬಿಟ್ಟಿತು. ನಾನು ತಂತಿ ಹಿಡಿದು ನಿಂತೆ. ಕೂಗಳತೆಯಲ್ಲಿ ಬಿದ್ದಿದೆ, ಹೋಗಿ ಎಳೆದು ತರಲು ಎಷ್ಟು ಹೊತ್ತು? ಹೊಡೆದ ಪ್ರಾಣಿಯನ್ನು ಹದ್ದಿಗೆ ಬಿಡುವ ಮನೆತನ ನಮ್ಮದಲ್ಲ. ಆದರೂ ಕಾಲು ಏಳಲಿಲ್ಲ. ನೀನು ಬೇಡವೆಂದ ನೆಲ ಅದು. ಅಲ್ಲಿ ನಿಂತು ನನಗೆ ಅಳು ಬಂತು, ಹಿಲಾರಿಯೊ. ಹಂದಿಗಾಗಿ ಅಲ್ಲ.

ಸೋಮವಾರ ಬೆಳಗ್ಗೆ ಬೇಲಿಯ ಕಂಬದಲ್ಲಿ ಹಿಟ್ಟಿನ ಚೀಲ ನೇತಾಡುತ್ತಿತ್ತು. ಒಳಗೆ ಎರಡು ತೊಡೆ, ತೊಳೆದು, ಕೊಬ್ಬು ತೆಗೆದು, ಉಪ್ಪು ಸವರಿ. ಚೀಲಕ್ಕೆ ಹಾಕಿದ್ದ ಗಂಟು ಬಿಚ್ಚಲಾರದೆ ಕೊನೆಗೆ ಕತ್ತರಿಸಬೇಕಾಯಿತು. ಅಂಥ ಗಂಟು ಹಾಕುವವನು ಈ ಹೊಳೆಯ ಉದ್ದಕ್ಕೂ ಒಬ್ಬನೇ. ಚೀಲ ಇದ್ದದ್ದು ನಿನ್ನ ಕಡೆಯ ಮೊಳೆಯಲ್ಲಿ. ನೀನೂ ನನ್ನ ಕಡೆ ಕೈ ಚಾಚಿರಲಿಲ್ಲ. ಒಣಮೆಣಸಿನಕಾಯಿ ಹಾಕಿ ಬೇಯಿಸಿದೆ. ತುಂಬಾ ದಿನಗಳ ಮೇಲೆ ಹೊಟ್ಟೆ ತುಂಬ ತಿಂದೆ, ಟೋರ್ಟಿಯಾ ಮಾತ್ರ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ತಟ್ಟಿಬಿಟ್ಟಿದ್ದೆ.

ಹಂದಿಗಳಿಗೆ ಏನು ಮಾಡಬಹುದೆಂದು ಕೇಳಲು ಅಡುಗೆ ಬೇಯುವಾಗಲೇ ವಾರ್ಡನ್‌ಗೆ ಫೋನ್ ಮಾಡಿ ಎರಡು ಸಂಜೆಯ ಕಥೆಯನ್ನೂ ಹೇಳಿದ್ದೆ, ಮಧ್ಯಾಹ್ನ ಅವಳೇ ಬಂದಳು. ನಾನು ಮೊದಲೇ ಹೇಳಿದೆ, "ಹುಟ್ಟಿದಾಗಿಂದ ಇಲ್ಲೇ ಇದ್ದೀನಿ ಮಗಳೇ. ಹಂದಿ ಹೊಡೆಯೋಕೂ ಕಾನೂನು ಇದ್ಯಾ?" ಅವಳು ಟೋರ್ಟಿಯಾ ಮುರಿಯುತ್ತಾ ಕೇಳಿದಳು, "ಶನಿವಾರ ನೀವು ಹಾರಿಸಿದ್ರಲ್ಲ, ಅದಕ್ಕೆ ಬಾಲ ಇತ್ತಾ ಅಮ್ಮಾ?"

"ಓಡೋ ಪ್ರಾಣೀನ ನಿಲ್ಲಿಸಿ ಬಾಲ ತೋರ್ಸು ಅನ್ನೋಕಾಗುತ್ತಾ?"

"ಕತ್ತಿನ ಸುತ್ತ ಬಿಳಿ ಪಟ್ಟಿ? ಕೆಟ್ಟ ವಾಸನೆ?"

"ಪಟ್ಟಿ ಇದ್ದಂಗಿತ್ತು. ವಾಸನೆ ನನ್ನ ಗಂಡ ಪಿಕಪ್ಪಲ್ಲಿ ಬಿಟ್ಟುಹೋದ ಬೂಟಿಂದು ಅಂದ್ಕೊಂಡೆ."

ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅದು ಹಂದೀನೇ ಅಲ್ಲಮ್ಮ, ಹವೆಲೀನಾ, ಹಂದಿ ಥರ ಕಾಣೋ ಬೇರೆ ಕಾಡುಪ್ರಾಣಿ. ಅದಕ್ಕೆ ಲೈಸೆನ್ಸ್ ಬೇಕು, ಇಷ್ಟೇ ಅಂತ ಲೆಕ್ಕಾನೂ ಇದೆ. ಗುರಿ ತಪ್ಪಿದ್ದು ನಿಮ್ಮ ಪುಣ್ಯ. ಕಾಡುಬಿದ್ದಿರೋ ಹಂದಿಗೆ ಅವ್ಯಾವೂ ಇಲ್ಲ. ಸ್ವಂತ ಜಮೀನಲ್ಲಿ ವರ್ಷವಿಡೀ ಹೊಡೀರಿ, ಎಷ್ಟು ಬೇಕಾದ್ರೂ ಹೊಡೀರಿ. ಬೇರೆಯವರ ನೆಲ ಆದ್ರೆ ಅವರ ಒಪ್ಪಿಗೆ ಬೇಕು. ನೀವು ಹೊಡೆದ ಹಂದಿ ಆಚೆ ಓಡಿದ್ರೂ ಸರಿ, ಕೇಳದೆ ಹಿಂದೆ ಹೋಗೋ ಹಾಗಿಲ್ಲ."

ನನ್ನ ತಲೆಯಲ್ಲಿ ಇನ್ನೊಂದು ಯೋಚನೆಯಿತ್ತು, ಅದನ್ನೂ ಕೇಳಿದೆ. "ಎಲ್ಲವನ್ನೂ ಪಂಜರದಲ್ಲಿ ಜೀವಂತ ಹಿಡಿದು, ಜೋಳ ಹಾಕಿ ಸಾಕಿದ ನನ್ನ ಗಂಡನ ಬಾಗಿಲಿಗೇ ಬಿಟ್ಟು ಬಂದ್ರೆ?"

"ಅದೊಂದು ಮಾಡ್ಬೇಡಿ. ಹಿಡಿದ ಹಂದೀನ ಇನ್ನೊಂದು ಕಡೆ ಒಯ್ದು ಬಿಡೋದು ಅಪರಾಧ."

"ಅವನು ಒಪ್ಪಿದ್ರೂನಾ?"

"ಯಾರೊಪ್ಪಿದ್ರೂ."

ಆಮೇಲೆ ಬೇಲಿ ತೋರಿಸಿದೆ. ಅವಳು ನಿನ್ನ ಗೆರೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡಳು. "ಗೆರೆ ಮೇಲಿಂದ ಕೆಳಕ್ಕೆ ಇರ್ಬೇಕಮ್ಮ. ಇವರು ಅಡ್ಡಡ್ಡ ಬಳಿದಿದ್ದಾರೆ. ಕಾನೂನಿನ ಕಣ್ಣಿಗೆ ಇದು ಬರೀ ಅಲಂಕಾರ." ಇಷ್ಟು ದಿನ ನಾನು ಹೆದರಿ ನಿಂತದ್ದು ಅಲಂಕಾರಕ್ಕೆ! ನಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಇಬ್ಬರೂ ತಂತಿ ಹಿಡಿದುಕೊಂಡು ನಕ್ಕೆವು. ನಿನ್ನ ಟ್ರೇಲರಿನ ಪರದೆ ಸರಿದದ್ದೂ ಕಾಣಿಸಿತು.

ಆದರೆ ಗೆರೆ ಅಡ್ಡವಾದರೇನು, ಉದ್ದವಾದರೇನು, ನೀನು ಆಡಿದ ಮಾತು ಮಾತೇ. ಆದ್ದರಿಂದ ಕ್ರಮವಾಗಿ ಕೇಳುತ್ತಿದ್ದೇನೆ. ಹಳ್ಳದ ಪೊದೆಯ ಬಾಯಿಗೆ ನನ್ನ ದೊಡ್ಡ ಪಂಜರ ಇಡಲು, ಸಿಕ್ಕಿದ್ದನ್ನು ಅಲ್ಲೇ ಹೊಡೆಯಲು ಒಪ್ಪಿಗೆ ಕೊಡು. ಕಡಲೆಕಾಯಿ ಮನೆ ಸೇರುವವರೆಗೆ ಜಿಂಕೆಗಳಿಗೆ ಜೋಳ ಸುರಿಯಬೇಡ, ಅವು ಉಪವಾಸ ಸಾಯುವುದಿಲ್ಲ. ಪಂಜರ ಎತ್ತಲು ಇಬ್ಬರು ಬೇಕು. ಅವು ಯಾವ ದಾರಿಯಲ್ಲಿ ಬರುತ್ತವೆ, ಯಾವ ಮರಕ್ಕೆ ಮೈ ಉಜ್ಜುತ್ತವೆ ಎನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಬೆಳೆ ಉಳಿದರೆ ಮುಂದಿನ ವರ್ಷದ ಮಾತನ್ನು ಕುಳಿತು ಆಡೋಣ. ಪೇಟೆಯವರ ವಿಷಯವನ್ನೂ ಕಿವಿಗೊಟ್ಟು ಕೇಳುತ್ತೇನೆ, ಒಪ್ಪುತ್ತೇನೆಂದು ಹೇಳಲಾರೆ. ಪಾತ್ರೆ ಕುಕ್ಕುವುದಿಲ್ಲ.

ಒಂದು ತೊಡೆ ಇನ್ನೂ ಫ್ರಿಜ್‌ನಲ್ಲಿದೆ. ಅದನ್ನು ಜೋಳದ ಹಿಟ್ಟಿನಲ್ಲಿ ತುಂಬಿ ತಮಾಲೆ ಬೇಯಿಸಲೆಂದು ಇಟ್ಟಿದ್ದೇನೆ.

ಅಲಂಕಾರದ ಬೇಲಿಯ ಈ ಕಡೆಯವಳು,
ಒಡೇಲಿಯಾ

ತಾ.ಕ.: ಹೊರಡುವಾಗ ವಾರ್ಡನ್ ಹುಡುಗಿ ಒಂದು ಮಾತು ಕೇಳಿದಳು, ಆಚೆ ಕಡೆಯ ಜಮೀನು ಕಾಗದಪತ್ರದಲ್ಲಿ ಯಾರ ಹೆಸರಿನಲ್ಲಿದೆ ಎಂದು. ಎರಡು ಕಡೆಯೂ ಇಬ್ಬರ ಹೆಸರಿನಲ್ಲಿದೆ, ಯಾವತ್ತೂ ಪಾಲಾಗಿಲ್ಲ ಎಂದೆ. "ಹಾಗಾದ್ರೆ ನಿಮಗೆ ಯಾರ ಒಪ್ಪಿಗೇನೂ ಬೇಡಮ್ಮ, ಎರಡೂ ಕಡೆ ನಿಮ್ಮದೇ" ಎಂದಳು. ಅದನ್ನು ತಿಳಿದುಕೊಂಡ ಮೇಲೆಯೇ ಈ ಕಾಗದ ಬರೆಯಲು ಕುಳಿತದ್ದು. ಉತ್ತರ ಬರೆದು ಕಳಿಸಬೇಡ, ಬಂದು ಹೇಳು.